ಫ್ರಿಜ್ಜಿನಿಂದ ಹಿತ್ತಿಲ ಬಾಗಿಲವರೆಗೆ ಒಂದು ಪ್ರಗಾಥ

ನಮ್ಮ ಮನೆಯ ಕಸದ ಡಬ್ಬಿಗೆ ಒಂದು ಪ್ರಗಾಥವಿದೆ. ಡಬ್ಲಿನ್ ಪಕ್ಕದ ನಮ್ಮ ಲೂಕನ್ನಿನಲ್ಲಿ ಅಷ್ಟೊಂದು ಮನೆಗಳಿವೆ, ಮನೆಗೆ ಕಪ್ಪು, ಹಸಿರು, ಕಂದು ಎಂದು ಮೂರು ಡಬ್ಬಿಗಳಿವೆ; ಅವುಗಳಲ್ಲೆಲ್ಲ ಕನ್ನಡದಲ್ಲಿ ಹೊಗಳಿಸಿಕೊಂಡದ್ದು ನಮ್ಮ ಹಸಿರು ಡಬ್ಬಿ ಒಂದೇ! ಇದಕ್ಕೆ ಹೆಮ್ಮೆಪಡಬೇಕೋ ಬೇಡವೋ ಎಂದು ಯೋಚಿಸುವ ತ್ರಾಣವೂ ಆ ವರ್ಷ ನನ್ನಲ್ಲಿ ಉಳಿದಿರಲಿಲ್ಲ.

ಕಟ್ಟಿದವರು ನನ್ನ ಗಂಡನ ಸೋದರಮಾವ. ಗಂಡನಿಗೂ ಮಾವ, ನನಗೂ ಮಾವ. ಮದುವೆಯಾಗದ ಮನುಷ್ಯ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಹಳ್ಳಿಗಳಿಗೆ ಕೈಪಂಪು ಹಾಕಿಸುವ ಕೆಲಸಕ್ಕೆಂದು ಆಫ್ರಿಕಾದ ಮಲಾವಿಗೆ ಹೋದವರು. ಎರಡು ವರ್ಷದ ಕರಾರು ಎಂದು ಹೇಳಿ ಹೋಗಿದ್ದರಂತೆ. ವಾಪಸ್ಸು ಬಂದಾಗ ತಲೆಯಲ್ಲಿ ಒಂದೇ ಒಂದು ಕಪ್ಪು ಕೂದಲೂ ಇರಲಿಲ್ಲ. ಅಂಥವರು ಕೋವಿಡ್ ಬಂದ ವರ್ಷದ ಫೆಬ್ರವರಿಯಲ್ಲಿ ಫೋನು ಮಾಡಿ, "ಮೂರು ವಾರ ಇದ್ದು ಹೋಗ್ತೀನಿ ಕಣಮ್ಮ" ಎಂದರು. ಮಾವನ ಎರಡು ವರ್ಷ ಎಷ್ಟು ಉದ್ದವಿತ್ತೆಂದು ಗೊತ್ತಿದ್ದೂ ನಾನು ಮೂರು ವಾರವನ್ನು ನಂಬಿದೆನಲ್ಲ, ನನಗೆ ಏನೆನ್ನಬೇಕು?

ಸೂಟ್‌ಕೇಸಿನಲ್ಲಿ ಅರ್ಧ ಚಟ್ನಿಪುಡಿ, ಅರ್ಧ ಸ್ಪ್ಯಾನರುಗಳನ್ನು ತುಂಬಿಕೊಂಡು ಬಂದರು. ಡಬ್ಲಿನ್ ಏರ್‌ಪೋರ್ಟಿನಲ್ಲಿ ಅವರನ್ನು ತಡೆದು ನಿಲ್ಲಿಸಿದ್ದು ಚಟ್ನಿಪುಡಿಗಾಗಿ. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ವಿಮಾನ ನಿಂತಿತು, ಮಾವ ಉಳಿದರು.

ಈಗ ಪ್ರಗಾಥದ ವಿಷಯ. ಪ್ರಗಾಥ ಎಂದರೆ ಒಂದು ವಸ್ತುವನ್ನು ಎದುರಿಗೆ ನಿಲ್ಲಿಸಿಕೊಂಡು "ಓ!" ಎಂದು ಕರೆದು ಹೊಗಳುವ ಪದ್ಯ ಎಂದು ನಾವೆಲ್ಲ ಶಾಲೆಯಲ್ಲಿ ಓದಿ, ಪರೀಕ್ಷೆ ಬರೆದು, ಮರೆತಿದ್ದೇವೆ. ಮಾವ ಮರೆಯಲಿಲ್ಲ. ಕೋಗಿಲೆ, ಚಂದ್ರ, ಮುಂಗಾರು ಯಾವುದನ್ನೂ ಅವರು ಮುಟ್ಟುವುದಿಲ್ಲ. "ಚಂದ್ರನಿಗೇನು, ಬೇಕಾದಷ್ಟು ಜನ ಇದಾರೆ. ಈ ಬಾಗಿಲ ತಿರುಗಣಿಗೆ ಯಾರಿದಾರೆ ಹೇಳು?" ಎಂದು ಕೇಳುತ್ತಾರೆ. ಬಾಗಿಲ ತಿರುಗಣಿಗೆ ಯಾರಿದ್ದಾರೆ? ಆ ಸಂಜೆ ತಿರುಗಣಿಗೂ ಒಂದು ಪ್ರಗಾಥವಾಯಿತು, ಎಣ್ಣೆಯೂ ಬಿತ್ತು.

ಹೇಳಿ ಸುಮ್ಮನಾದರೆ ತೊಂದರೆಯಿರಲಿಲ್ಲ. ಮಾವನ ಪ್ರಗಾಥಕ್ಕೆ ಜಾಗ ಬೇಕು! ಹಿಂದಿನ ಕಾಲದ ಗ್ರೀಕರು ಇಂಥ ಪದ್ಯಗಳನ್ನು ಗುಂಪಾಗಿ ಹಾಡುತ್ತಿದ್ದರಂತೆ. ಒಂದು ಕಡೆಗೆ ನಡೆಯುತ್ತಾ ಮೊದಲ ಭಾಗ, ತಿರುಗಿ ನಡೆಯುತ್ತಾ ಎರಡನೆಯದು, ನಿಂತು ಮೂರನೆಯದು. ಮಾವ ಇವಕ್ಕೆ ಸುತ್ತು, ಮರುಸುತ್ತು, ನಿಲುವು ಎಂದು ಹೆಸರಿಟ್ಟಿದ್ದರು. ನಮ್ಮ ಮನೆಯಲ್ಲಿ ಸುತ್ತು ಎಂದರೆ ಫ್ರಿಜ್ಜಿನಿಂದ ಹಿತ್ತಿಲ ಬಾಗಿಲವರೆಗೆ. ಮರುಸುತ್ತು ಎಂದರೆ ಹಿತ್ತಿಲ ಬಾಗಿಲಿನಿಂದ ಫ್ರಿಜ್ಜಿನವರೆಗೆ. ನಿಲುವು ಎಂದರೆ ಅಡುಗೆಮನೆಯ ಮೇಜಿನ ಪಕ್ಕ. ಆ ಮೇಜಿನ ಮೇಲೆ ಏನಿತ್ತು? ನನ್ನ ಆಫೀಸು!

ಸಿಟಿವೆಸ್ಟಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಆಫೀಸು ಮುಚ್ಚಿದ ಮೇಲೆ ಮಹಡಿಯ ಪುಟ್ಟ ಕೋಣೆಯನ್ನು ಗಂಡ ಹಿಡಿದ, ತನ್ನ ಕೋಣೆಯನ್ನು ಆನ್‌ಲೈನ್ ಶಾಲೆಗೆಂದು ಮಗಳು ಹಿಡಿದಳು, ನನಗೆ ಒಲೆಯ ಪಕ್ಕದ ಮೇಜು ಸಿಕ್ಕಿತು. ಬೆಳಿಗ್ಗೆ ಮೀಟಿಂಗು ಶುರುವಾಗುವುದಕ್ಕೂ ಮಾವ ಫ್ರಿಜ್ಜಿನ ಹತ್ತಿರ ಬಂದು ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ನಾನು ಮೈಕು ತೆರೆದು "ಗುಡ್ ಮಾರ್ನಿಂಗ್" ಎನ್ನುವಷ್ಟರಲ್ಲಿ ಬೆನ್ನ ಹಿಂದೆ "ಓ!"

ಮೊದಲ ದಿನ ನಮ್ಮ ಮ್ಯಾನೇಜರು ಗಾಬರಿಯಾಗಿ, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದರು. ನಮ್ಮ ಯಜಮಾನರ ಮಾವ, ಕಸದ ಡಬ್ಬಿಯನ್ನು ಹೊಗಳುತ್ತಿದ್ದಾರೆ ಎಂದೆ. ಐರ್ಲೆಂಡಿನವರು ದೊಡ್ಡ ಮನಸ್ಸಿನವರು. "ಆಹ್, ಗ್ರ್ಯಾಂಡ್" ಎಂದು ಮುಂದಿನ ವಿಷಯಕ್ಕೆ ಹೋದರು.

ಆ ಹಸಿರು ಡಬ್ಬಿಯ ಪ್ರಗಾಥ ಹೀಗಿತ್ತು:

ಓ ಹಸಿರು ಹೊಟ್ಟೆಯ ಗೆಳೆಯಾ,
ಪೇಪರು ನುಂಗಿದೆ, ಡಬ್ಬವ ನುಂಗಿದೆ, ರಟ್ಟನು ನುಂಗಿದೆ ನೀನು;
ರಟ್ಟನು ನುಂಗಿದೆ, ಡಬ್ಬವ ನುಂಗಿದೆ, ಪೇಪರು ನುಂಗಿದೆ ನೀನು;
ನಮಗೆ ಬೇಡವಾದುದೆಲ್ಲವ ಹೊತ್ತು ಹೊರಡುವೆ, ನಿನಗಾರು ದಿಕ್ಕು?

"ಮಾವ, ಹೇಳಿದ್ದನ್ನೇ ಹಿಂದುಮುಂದು ಮಾಡಿ ಮತ್ತೆ ಹೇಳಿದ್ರಲ್ಲ" ಎಂದೆ.

"ಅದೇ ಕಣಮ್ಮ ಮರುಸುತ್ತು. ಹೋದ ದಾರೀಲೇ ವಾಪಸ್ ಬರಬೇಕು. ಕೊನೇಗೆ ಬಂದಿದ್ದು ಮೊದಲು ಬರಬೇಕು."

"ಯಾಕೆ ಬರಬೇಕು? ಹೊಸದು ಏನಾದ್ರೂ ಹೇಳಬಹುದಲ್ಲ?"

"ಹೊಸದು ಹೇಳ್ತಾ ಹೋದ್ರೆ ಮನೆಗೆ ಬರೋದು ಯಾವಾಗ?" ಎಂದರು ಮಾವ. "ಛಂದಸ್ಸಿಲ್ಲದ ಪದ್ಯ ವಾಷರ್ ಇಲ್ಲದ ನಲ್ಲಿ. ಸೋರ್ತಾನೇ ಇರುತ್ತೆ."

ವಾದ ಮಾಡುವಷ್ಟು ನನ್ನಲ್ಲಿ ಏನೂ ಉಳಿದಿರಲಿಲ್ಲ. ಆ ದಿನಗಳಲ್ಲಿ ಯಾರಲ್ಲಿ ಉಳಿದಿತ್ತು? ಎದ್ದರೆ ಮೇಜು, ಕೂತರೆ ಮೇಜು, ಅದೇ ಮೇಜಿನ ಮೇಲೆ ಲ್ಯಾಪ್‌ಟಾಪು ಸರಿಸಿ ಊಟ, ಊಟದ ತಟ್ಟೆ ಸರಿಸಿ ಲ್ಯಾಪ್‌ಟಾಪು. ಸುತ್ತು, ಮರುಸುತ್ತು! ಟೀವಿ ಹಾಕಿದರೆ ಆ ದಿನದ ಸಾವಿನ ಸುದ್ದಿ. ಊರಿಗೆ ಫೋನು ಮಾಡಿದರೆ ಅಲ್ಲಿಯದು. ನನಗೆ ಬೇಕಾಗಿದ್ದದ್ದು ಎರಡೇ: ನಿದ್ದೆ, ಮೌನ. ಮಾವ ಬಂದ ಮೇಲೆ ಎರಡನೆಯದಂತೂ ಮನೆಬಿಟ್ಟು ಹೋಗಿತ್ತು.

ದಿನದ ಪ್ರಗಾಥ ಬೇರೆ ಬೇರೆಯಾದರೂ, ಆ ಮೊದಲ ದಿನವೊಂದನ್ನು ಬಿಟ್ಟರೆ, ಬೆಳಗಿನ ಮೊದಲನೆಯದು ಮಾತ್ರ ಎಂದೂ ಬದಲಾಗುತ್ತಿರಲಿಲ್ಲ. ಅದು ಎಸ್ತೇರಮ್ಮನ ಪಂಪಿನದು. ಎಸ್ತೇರಮ್ಮ ಯಾರು ಎಂದರೆ ಮಲಾವಿಯ ಒಂದು ಹಳ್ಳಿಯಲ್ಲಿ ಮಾವ ಹಾಕಿಸಿದ ಕೈಪಂಪನ್ನು ನೋಡಿಕೊಳ್ಳುವ ಹೆಂಗಸು. ಹೆಸರು ಎಸ್ತೇರ್, ಅಮ್ಮ ಸೇರಿಸಿ ಮೈಸೂರಿನವಳನ್ನಾಗಿ ಮಾಡಿದ್ದು ಮಾವ. ಪಂಪು ಹಾಕಿಸಿದ ದಿನ ಅವಳು ಎಳೆಯ ಸೊಸೆ, ಈಗ ಅಜ್ಜಿ. ವಾರಕ್ಕೊಮ್ಮೆ ಮಾವ ಅವಳಿಗೆ ಫೋನು ಮಾಡುತ್ತಿದ್ದರು. ಆರೋಗ್ಯ ವಿಚಾರಿಸುತ್ತಿದ್ದರು, ಅವಳದ್ದಲ್ಲ, ಪಂಪಿನದ್ದು.

"ಬೋರು ಕೊರೆಯೋದೇನು ಮಹಾ!" ಎನ್ನುತ್ತಿದ್ದರು ನಮಗೆ. "ದುಡ್ಡು ಕೊಟ್ಟ ದೇಶದವರು ಬರ್ತಾರೆ, ಬೋರ್ಡು ನೆಡ್ತಾರೆ, ಫೋಟೋ ತೆಗೆಸ್ಕೋತಾರೆ. ಆಮೇಲೆ ಒಳಗೆ ನೀರು ಎತ್ತೋ ಒಂದು ರಬ್ಬರ್ ಬಳೆ ಸವೆದು ಹೋಗುತ್ತೆ ನೋಡು, ಆವಾಗ ಯಾರೂ ಇರಲ್ಲ. ಬಳೆ ಸಿಗೋದು ಪಟ್ಟಣದಲ್ಲಿ. ಪಟ್ಟಣಕ್ಕೆ ಬಸ್ಸಿಲ್ಲ. ರಿಪೇರಿ ಕಲಿತಿದ್ದ ಹುಡುಗ ದಕ್ಷಿಣ ಆಫ್ರಿಕಾಕ್ಕೆ ಕೆಲಸಕ್ಕೆ ಹೋದ. ಅಷ್ಟೇ. ಬೋರ್ಡು ನಿಂತಿರುತ್ತೆ, ಪಂಪು ಕೂತಿರುತ್ತೆ, ಹೆಂಗಸರು ಮತ್ತೆ ಹೊಳೆಗೆ ನಡೀತಾರೆ."

"ನಿಮ್ಮ ಪಂಪುಗಳೂ ಕೂತವಾ ಮಾವ?" ಎಂದು ಒಮ್ಮೆ ಗಂಡ ಕೇಳಿದ.

"ಬಹಳ ಕೂತವು ಕಣೋ. ಎಸ್ತೇರಮ್ಮಂದು ಒಂದು ಮಾತ್ರ ಕೂತಿಲ್ಲ." ಎಂದರು. "ಕೈ ತೊಳ್ಕೊಳ್ಳಿ, ಕೈ ತೊಳ್ಕೊಳ್ಳಿ ಅಂತ ಲೋಕಾನೇ ಬೊಬ್ಬೆ ಹೊಡೀತಿದೆ. ಇಂಥಾ ಹೊತ್ತಲ್ಲಿ ಅದು ಕೂರಬಾರದು."

ಮಾವನಿಗೆ ಆ ವರ್ಷ ದೇವರಲ್ಲಿ ಬೇಡುವುದಕ್ಕೆ ಇದ್ದದ್ದು ಅದೊಂದೇ. ನಮಗೆ ವಿಮಾನ ಯಾವಾಗ ಶುರುವಾಗುತ್ತದೆ ಎಂಬ ಚಿಂತೆ, ಅವರಿಗೆ ಎಲ್ಲೋ ಇರುವ ಒಂದು ರಬ್ಬರ್ ಬಳೆಯ ಚಿಂತೆ!

ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಗೆ ಬರಬಾರದು ಎಂದು ಸರ್ಕಾರ ಹೇಳಿದಾಗ ಮಾವನ ಪ್ರಗಾಥಕ್ಕೆ ಫ್ರಿಜ್ಜು ಬಾಗಿಲುಗಳ ನಡುವಿನ ಜಾಗ ಸಾಲದಾಯಿತು. ಒಂದು ಮಧ್ಯಾಹ್ನ ನೋಡುತ್ತೇನೆ, ಮಾವ ಇಲ್ಲ, ಚಪ್ಪಲಿ ಇಲ್ಲ. ಗಂಡ ಕೆಳಗೆ ಓಡಿ ಬಂದ. ಮಗಳು ಓಡಿ ಬಂದಳು. ಅಷ್ಟರಲ್ಲಿ ಮನೆಯ ಮುಂದೆ ಪೊಲೀಸ್ ಕಾರು ನಿಂತಿತು. ಇಲ್ಲಿಯ ಪೊಲೀಸಿನವನಿಗೆ ಗಾರ್ಡಾ ಎನ್ನುತ್ತಾರೆ. ಆಜಾನುಬಾಹು ಗಾರ್ಡಾ ಇಳಿದು, ಹಿಂದಿನ ಬಾಗಿಲು ತೆರೆದ. ಮಾವ ಮದುಮಗನ ಹಾಗೆ ಇಳಿದರು.

ನಡೆದದ್ದಿಷ್ಟು. ಮಾವ ಹಾಲಿನ ವ್ಯಾನಿನ ಪ್ರಗಾಥದ ಸುತ್ತು ಹೇಳುತ್ತಾ ಇಲ್ಲಿ ಎಸ್ಟೇಟ್ ಎನ್ನುವ ನಮ್ಮ ಬಡಾವಣೆಯಾಚೆ ಹೋಗಿದ್ದಾರೆ. ಗಾರ್ಡಾ ತಡೆದು, ಎಲ್ಲಿಗೆ ಹೊರಟಿರಿ ಎಂದು ಕೇಳಿದ್ದಾನೆ. ಇವರು ಇಂಗ್ಲಿಷಿನಲ್ಲಿ, "ಹೋಗುವ ಅರ್ಧ ಮುಗಿಯಿತು, ಬರುವ ಅರ್ಧ ಬಾಕಿ ಇದೆ, ಈಗ ತಡೆಯಬೇಡ" ಎಂದಿದ್ದಾರೆ. ಬರುವ ಅರ್ಧ ಹೇಳಿಕೊಂಡು ಬಂದವರು ಯಾರದೋ ಮನೆಯ ಬೀಗಕ್ಕೆ ನಮ್ಮ ಕೀಲಿ ತೂರಿಸಲು ನೋಡುತ್ತಿದ್ದರಂತೆ!

"ನಮ್ಮ ಮನೆ ಅನ್ಕೊಂಡೆ ಕಣಮ್ಮ. ಎಲ್ಲಾ ಒಂದೇ ಥರ ಕಟ್ಟಿದಾರೆ, ಬಡ್ಡೀಮಕ್ಕಳು" ಎಂದರು ಮಾವ.

ಮಾತು ಸುಳ್ಳಲ್ಲ. ನಮ್ಮ ಎಸ್ಟೇಟಿನಲ್ಲಿ ಜೋಡಿಜೋಡಿಯಾಗಿ ನಿಂತ ಮನೆಗಳು ನಿಜಕ್ಕೂ ಒಂದೇ ಥರ. ನಾನೇ ಬಂದ ಹೊಸದರಲ್ಲಿ ಪಕ್ಕದ ಮನೆಯ ಬೆಲ್ಲು ಒತ್ತಿದ್ದೆ. "ಅಜ್ಜ ಗಾಟ್ ಅರೆಸ್ಟೆಡ್ ಫಾರ್ ಪೊಯೆಟ್ರಿ!" ಎಂದು ಮಗಳು ತನ್ನ ಅಪ್ಪಟ ಡಬ್ಲಿನ್ ರಾಗದಲ್ಲಿ ಕೂಗಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವನೂ ನಕ್ಕರು, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ.

ನಲ್ಲಿಯ ಕಥೆ ಇನ್ನೂ ದೊಡ್ಡದು. ಮೇ ತಿಂಗಳಲ್ಲಿ ಅಡುಗೆಮನೆಯ ನಲ್ಲಿ ತೊಟ್ಟಿಕ್ಕಲು ಶುರುವಾಯಿತು. ಪ್ಲಂಬರಿಗೆ ಫೋನು ಮಾಡಿದರೆ, ತೀರಾ ಪ್ರವಾಹವಾದರೆ ಮಾತ್ರ ಬರುತ್ತೇನೆ ಎಂದ. ಮಾವನ ಕಣ್ಣು ಹೊಳೆಯಿತು. ಸೂಟ್‌ಕೇಸಿನಿಂದ ಸ್ಪ್ಯಾನರುಗಳು ಹೊರಬಂದವು. ನೀರಿನ ಮೇನ್ ವಾಲ್ವು ಬಂದ್ ಆಯಿತು. "ಓ ತೊಟ್ಟಿಕ್ಕುವ ಮುದುಕೀ" ಎಂದು ಸುತ್ತು ಹಿಡಿದರು. ಒಂದೊಂದು ಸಾಲಿಗೆ ನಲ್ಲಿಯ ಒಂದೊಂದು ಭಾಗ ಬಿಚ್ಚಿ ಸಾಲಾಗಿ ಇಡುತ್ತಾ ಹೋದರು. ಹಳೇ ವಾಷರ್ ಹೋಗಿ ಹೊಸತು ಬಂತು. ಮರುಸುತ್ತು ಶುರುವಾಯಿತು. ಆಗ ನನ್ನ ಮೀಟಿಂಗಿನಲ್ಲಿ ನನ್ನ ಸರದಿ ಬಂದಿತ್ತು.

"ಮಾವ, ದಮ್ಮಯ್ಯ, ಐದು ನಿಮಿಷ ಬಾಯಿ ಮುಚ್ಕೊಂಡು ಮಾಡಿ!" ಎಂದೆ.

ಪಾಪ, ಮುಚ್ಚಿಕೊಂಡರು. ಬಾಯಿ ಮುಚ್ಚಿಕೊಂಡೇ ನಲ್ಲಿ ಜೋಡಿಸಿದರು. ಗಂಡ ಹೋಗಿ ಮೇನ್ ವಾಲ್ವು ತೆರೆದ. ನಲ್ಲಿಯ ತಲೆ ಹಾರಿತು! ನೀರು ಸೂರಿಗೆ ಬಡಿದು, ಅಲ್ಲಿಂದ ನನ್ನ ಮೇಲೂ ಲ್ಯಾಪ್‌ಟಾಪಿನ ಮೇಲೂ ಸುರಿಯಿತು. ಮೀಟಿಂಗಿನಲ್ಲಿದ್ದವರೆಲ್ಲ ನಾನು ಮುಳುಗುವುದನ್ನು ನೇರವಾಗಿ ನೋಡಿದರು. ಮೇಲೆ ಕೆಳಗೆ ಓಡಾಟ, ಟವೆಲ್ಲು, ಬಕೆಟ್ಟು. ಎಲ್ಲ ಶಾಂತವಾದಾಗ ಮಾವ ಸಿಂಕಿನ ಪಕ್ಕ ನಿಂತು ಅಂಗೈ ನೋಡಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಒಂದು ಸಣ್ಣ ಹಿತ್ತಾಳೆಯ ಉಂಗುರ ಉಳಿದಿತ್ತು.

"ಮರುಸುತ್ತು ಪೂರ್ತಿ ಮಾಡೋಕೆ ಬಿಡಲಿಲ್ಲ ನೀನು" ಎಂದರು.

ಕೈಲಾಗದವನು ಮೈ ಪರಚಿಕೊಂಡ ಎಂದು ಕೇಳಿದ್ದೆ. ಇವರು ನನ್ನನ್ನೇ ಪರಚುತ್ತಿದ್ದಾರಲ್ಲ! ನಲ್ಲಿ ಹಾರಿದ್ದಕ್ಕೂ ಪದ್ಯಕ್ಕೂ ಏನು ಸಂಬಂಧ ಎಂದು ಒದ್ದೆ ತಲೆಯಲ್ಲೇ ರೇಗಿದೆ. ಮಾವ ಮತ್ತೆ ಎಲ್ಲ ಬಿಚ್ಚಿ, ಫ್ರಿಜ್ಜಿನಿಂದ ಸುತ್ತು ಹಿಡಿದು, ಮರುಸುತ್ತನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಹೇಳುತ್ತಾ ಜೋಡಿಸಿದರು. ಆಮೇಲೆ ಆ ನಲ್ಲಿ ಒಂದು ಹನಿಯೂ ಸೋರಿಲ್ಲ. ಕಾಕತಾಳೀಯ ಎಂದುಕೊಂಡೆ.

ಜೂನಿನ ಒಂದು ಮಧ್ಯಾಹ್ನ ನಾನು ಮೀಟಿಂಗಿನಲ್ಲಿರುವಾಗ ಮಾವನ ಫೋನು ಬಡಿದುಕೊಂಡಿತು. ವಿಡಿಯೋ ಕಾಲು. ಮಾವ ಅದನ್ನು ನನ್ನ ಎದುರಿನ ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದರು. ಕೆಂಪು ಮಣ್ಣು, ಸಾಲಾಗಿ ಇಟ್ಟ ಬಕೆಟ್ಟುಗಳು, ಬಾಯಿಗೆ ಬಣ್ಣದ ಬಟ್ಟೆ ಕಟ್ಟಿಕೊಂಡ ಹೆಂಗಸರು. ಮುಂದೆ ನಿಂತಿದ್ದ ಮುದುಕಿಯ ಮುಖ ನೋಡಿದ ಕೂಡಲೇ ಇವಳೇ ಎಸ್ತೇರಮ್ಮ ಎಂದು ಗೊತ್ತಾಯಿತು. ಅವರ ಭಾಷೆ ನನಗೆ ಬರುವುದಿಲ್ಲ, ಆದರೆ ಅಳುವಿಗೆ ಭಾಷೆ ಬೇಕೇ?

ಮಾವ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಪಂಪು ಕೂತಿದೆ ಕಣಮ್ಮ. ಬಳೆ ಸವೆದಿತ್ತು. ನಾನು ಬಿಟ್ಟು ಬಂದಿದ್ದ ಬಳೆ ಒಂದೇ ಒಂದು ಇತ್ತು, ಅದನ್ನ ಹಾಕಿದಾರೆ. ಆದ್ರೂ ನೀರು ಬರ್ತಿಲ್ಲ. ಮತ್ತೆ ಮತ್ತೆ ಬಿಚ್ಚಿ ಹಾಕಿದಾರೆ, ಬಳೆ ಅಂಚು ಕಿತ್ತು ಬರೋಕೆ ಶುರುವಾಗಿದೆ. ಇದೂ ಹೋದ್ರೆ ಬೇರೆ ಇಲ್ಲ. ಬಸ್ಸು ನಿಂತಿದೆ."

"ರಿಪೇರಿ ಮಾಡೋದು ಅವರಿಗೆ ಗೊತ್ತಿಲ್ವಾ?"

"ಗೊತ್ತಿತ್ತು. ಹಾಡಿತ್ತಲ್ಲ."

ಆಗ ಹೇಳಿದರು. ಓದು ಬರದ ಹೆಂಗಸರಿಗೆ ರಿಪೇರಿ ಕಲಿಸಲು ಕಚೇರಿಯವರು ಪುಸ್ತಕ ಕೊಟ್ಟಿದ್ದರಂತೆ. ಪುಸ್ತಕ ಗೆದ್ದಲಿಗೆ ಹೋಯಿತು. ಆಗ ಮಾವ ಒಂದು ಪ್ರಗಾಥ ಕಟ್ಟಿದರು. ಅವರಿಗೆ ಹೊಳೆದದ್ದು ಕನ್ನಡದಲ್ಲಿ. ಹೆಂಗಸರು ಅದನ್ನು ತಮ್ಮ ಮಾತಿಗೆ, ತಮ್ಮ ರಾಗಕ್ಕೆ ತಂದುಕೊಂಡರು. ಮೇಲಿನ ಕೇರಿಯ ಹೆಂಗಸರು ಪಂಪಿನ ಸುತ್ತ ಒಂದು ಕಡೆಗೆ ನಡೆಯುತ್ತಾ ಬಿಚ್ಚುವ ಭಾಗ ಹಾಡಬೇಕು. ಕೆಳಗಿನ ಕೇರಿಯವರು ತಿರುಗಿ ನಡೆಯುತ್ತಾ ಜೋಡಿಸುವ ಭಾಗ ಹಾಡಬೇಕು. ಕೊನೆಗೆ ಬಿಚ್ಚಿದ್ದು ಮೊದಲು ಕೂರಬೇಕಲ್ಲ, ಅದಕ್ಕೇ ಸಾಲುಗಳು ಹಿಂದುಮುಂದು! ಆಮೇಲೆ ಎಲ್ಲರೂ ನಿಂತು, ನೀರಿಗೆ ಕಾಯುತ್ತಾ ನಿಲುವು.

ನಾನು ಬಾಯಿ ಬಿಟ್ಟುಕೊಂಡು ಕೂತೆ. ಇಷ್ಟು ತಿಂಗಳು ನನ್ನ ಕಿವಿ ತಿಂದದ್ದು ರಿಪೇರಿಯ ಪಾಠವಾಗಿತ್ತು.

"ಪಂಪು ಗಟ್ಟಿಯಾಗಿ ಹಾಕಿದ್ದೇ ತಪ್ಪಾಯ್ತು. ಇಷ್ಟು ವರ್ಷ ಬಿಚ್ಚೋ ಕೆಲಸಾನೇ ಬರಲಿಲ್ಲ" ಎಂದರು ಮಾವ. "ಎಸ್ತೇರಮ್ಮ ಮೇಲಿನ ಕೇರಿಯವಳು, ಬಿಚ್ಚೋದು ನೆನಪಿದೆ. ಜೋಡಿಸೋ ಹಾಡಿನ ಯಜಮಾನಿ ತೀರಿಕೊಂಡ್ಲು. ಚಿಕ್ಕವರು ಕಲೀಲಿಲ್ಲ. ಪರವಾಗಿಲ್ಲ. ನಾನಿದೀನಲ್ಲ. ನಾನು ಹೇಳ್ತೀನಿ."

ಫೋನಿನ ಎದುರು ನೆಟ್ಟಗೆ ನಿಂತರು. ಒಂದೊಂದು ಸಾಲನ್ನು ಮೊದಲು ತಮ್ಮಷ್ಟಕ್ಕೆ ಕನ್ನಡದಲ್ಲಿ ಹೇಳಿಕೊಳ್ಳುವುದು, ಆಮೇಲೆ ಅವರ ಭಾಷೆಯಲ್ಲಿ ಕೂಗುವುದು.

ಓ ಬಾಯಾರಿದ ಬಾವಿಯ ತಂಗೀ,
ಟೋಪಿ ತೆಗೆವೆವು, ತಲೆ ತಣ್ಣಗಿರಲಿ;
ತೋಳು ಬಿಡಿಸುವೆವು, ದಣಿದಿರುವೆ ನೀನು;
ಕಂಬಿ ಎತ್ತುವೆವು, ಮೆಲ್ಲಗೆ ಮೆಲ್ಲಗೆ;
ಬಳೆಯ ಕಳಚುವೆವು.

ಅಲ್ಲಿ ಹೆಂಗಸರು ಪಂಪಿನ ಸುತ್ತ ನಡೆದರು. ಮುಚ್ಚಳ ಬಂತು, ಹಿಡಿ ಬಂತು, ಉದ್ದುದ್ದ ಕಂಬಿಗಳು ಒಂದಕ್ಕೊಂದು ಕೊಂಡಿ ಬಿಡಿಸಿಕೊಂಡು ಮೇಲೆ ಬಂದವು. ಕೊನೆಯ ಕಂಬಿಯ ತುದಿಯಿಂದ ಎಸ್ತೇರಮ್ಮ ಬಟ್ಟಲಿನಾಕಾರದ ಕಪ್ಪು ರಬ್ಬರ್ ಬಳೆಯನ್ನು ಮಗುವನ್ನು ಎತ್ತಿದ ಹಾಗೆ ಬಿಡಿಸಿ, ನಮಗೆ ತೋರಿಸಿದಳು.

ಮಾವ ತಿರುಗಿ ನಿಂತರು. "ಬಳೆಯ ತೊಡಿಸುವೆವು" ಎಂದರು.

ಅಷ್ಟೇ. ಮುಂದೆ ಇಲ್ಲ.

"ಬಳೆಯ ತೊಡಿಸುವೆವು..." ಇನ್ನೊಮ್ಮೆ ಎಂದರು. ತುಟಿ ಅಲುಗಿತು. ಕೈ ಗಾಳಿಯಲ್ಲಿ ಏನನ್ನೋ ತಡಕಿತು. ಫ್ರಿಜ್ಜಿನವರೆಗೆ ನಡೆದು ಹೋದರು, ತಿರುಗಿ ಬಂದರು. ಎಷ್ಟು ಬೆಳಗು, ಅದೇ ದಾರಿ! ಸಾಲು ಬರಲಿಲ್ಲ. ಅಲ್ಲಿ ಎಸ್ತೇರಮ್ಮ ಬಳೆ ಹಿಡಿದು ಕಾಯುತ್ತಿದ್ದಳು. ಹೆಂಗಸರೆಲ್ಲ ಫೋನಿನೊಳಗಿನ ಈ ಬಿಳಿಯ ತಲೆಯನ್ನು ನೋಡುತ್ತಿದ್ದರು. ಮಾವ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ದಾರಿ ತಪ್ಪಿ, ಯಾರದೋ ಮನೆಯ ಬೀಗಕ್ಕೆ ಕೀಲಿ ಹಾಕಿ ನಿಂತವರ ನೋಟ ಅದು.

"ಬಾಯಿ ಆಕಾಶಕ್ಕೆ!" ಎಂದೆ ನಾನು.

ನಾನೇ ಎಂದೆನೇ? ನಾನೇ! ಕಲಿತವಳಲ್ಲ, ಕೇಳಿದವಳೂ ಅಲ್ಲ, ಕೇಳಿಸಿಕೊಳ್ಳದಿರಲು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತವಳು. ಆದರೆ ದಿನಾ ಬೆಳಿಗ್ಗೆ ಬೆನ್ನಿಗೆ ಬಡಿದ ಸಾಲು ಎಲ್ಲಿಗೆ ಹೋಗುತ್ತದೆ? ಬಾಯಿ ತಾನಾಗಿ ಹೇಳುತ್ತಾ ಹೋಯಿತು:

ಬಳೆಯ ತೊಡಿಸುವೆವು, ಬಾಯಿ ಆಕಾಶಕ್ಕೆ;
ಕಂಬಿ ಇಳಿಸುವೆವು, ಮೆಲ್ಲಗೆ ಮೆಲ್ಲಗೆ;
ತೋಳು ಜೋಡಿಸುವೆವು, ಗಟ್ಟಿಗಿತ್ತಿ ನೀನು;
ಟೋಪಿ ಇಡುವೆವು, ತಲೆ ಬೆಚ್ಚಗಿರಲಿ.

"ಬಾಯಿ ಆಕಾಶಕ್ಕೆ!" ಎಂದು ಮಾವ ಹಣೆ ಬಡಿದುಕೊಂಡು ಅವರ ಭಾಷೆಯಲ್ಲಿ ಕೂಗಿದರು. ಎಸ್ತೇರಮ್ಮ ಕೈಯಲ್ಲಿದ್ದ ಬಳೆ ನೋಡಿದಳು, ಬೋರಲು ಹಾಕಿದ್ದು ತಾನೇ ಎಂಬಂತೆ ನಾಲಿಗೆ ಕಚ್ಚಿದಳು. ಬಟ್ಟಲಿನ ಬಾಯಿ ಮೇಲೆ ಮಾಡಿ ತೊಡಿಸಿದಳು. ಹೆಂಗಸರು ತಿರುಗಿ ನಡೆದರು. ಇಲ್ಲಿ ನಾನು ಒಂದು ಸಾಲು, ಮಾವ ಅದರ ಹಿಂದೆ ಒಂದು ಸಾಲು, ಅಲ್ಲಿ ಒಂದು ಕಂಬಿ. ಕೊನೆಗೆ ನಿಲುವು:

ನಿಂತೆವು ನಿಂತೆವು, ಕೊಡಗಳ ಹಿಡಿದು;
ಬಾರವ್ವ, ತಡವಾದರೂ ಬಾ.

ಇಬ್ಬರು ಹೆಂಗಸರು ಹಿಡಿ ಒತ್ತತೊಡಗಿದರು. ಒಣ ಸದ್ದು. ಮತ್ತೆ ಒಣ ಸದ್ದು. ಗಂಡ ಮೆಟ್ಟಿಲಿಳಿದು ಬಂದವನು ಅಲ್ಲೇ ನಿಂತ. ಮಗಳು ಅವನ ಪಕ್ಕ ನಿಂತಳು. ಲೂಕನ್ನಿನ ಅಡುಗೆಮನೆಯಲ್ಲಿ ನಾವೆಲ್ಲ ಕೊಡವಿಲ್ಲದೆ ಕೈ ಕಟ್ಟಿಕೊಂಡು ನಿಂತಿದ್ದೆವು. ಒಣ ಸದ್ದು ದಪ್ಪವಾಯಿತು. ಗಂಟಲು ಸರಿಮಾಡಿಕೊಂಡಂತಾಯಿತು. ಆಮೇಲೆ ಬಕೆಟ್ಟಿನ ತಳಕ್ಕೆ ನೀರು ಬಡಿದ ಸದ್ದು, ಅದರ ಮೇಲೆ ಹೆಂಗಸರ ಕೇಕೆ!

ನನ್ನ ಲ್ಯಾಪ್‌ಟಾಪಿನಿಂದಲೂ ಚಪ್ಪಾಳೆ ಕೇಳಿಸಿತು. ಮೀಟಿಂಗಿನಲ್ಲಿ ನನ್ನ ಮೈಕು ತೆರೆದೇ ಇತ್ತು. ಮ್ಯಾನೇಜರು ಏನೂ ಅರ್ಥವಾಗದೆ, ಆದರೆ ಮನಸಾರೆ, "ಗ್ರ್ಯಾಂಡ್!" ಎಂದರು.

ಎಲ್ಲರೂ ಹೋದ ಮೇಲೆ ಮಾವ ಕುರ್ಚಿಯಲ್ಲಿ ಕೂತರು. ನಾನು ಕಾಫಿ ಇಟ್ಟೆ.

"ಹೋಗ್ತಾ ಇದೆ ಕಣಮ್ಮ ನನಗೆ" ಎಂದರು. "ಮೈಸೂರಲ್ಲೇ ಗೊತ್ತಾಯ್ತು. ಬೀದಿ ಹೆಸರು ಹೋಯ್ತು, ಆಮೇಲೆ ಮನುಷ್ಯರ ಹೆಸರು. ಇದೊಂದು ಹಾಡು ಹೋಗಬಾರದು ಅಂತ ಇಲ್ಲಿಗೆ ಬಂದೆ. ದಿನಾ ನಿನ್ನ ಕಿವಿ ಹತ್ರಾನೇ ಹೇಳ್ತಿದ್ದೆ."

"ನನ್ನ ಕಿವಿ ಹತ್ರಾನೇ ಯಾಕೆ? ನಾನು ಬೈತಾನೇ ಇದ್ನಲ್ಲ ಮಾವ."

"ಅದಕ್ಕೇ. ಹೊಗಳೋರು ಮರೀತಾರೆ. ಬೈಯೋರು ಮರೆಯಲ್ಲ."

ನಗು ಬಂತು, ಅದರ ಜೊತೆಗೆ ಅಳುವೂ ಬಂತು. ಸುಸ್ತಾಗಿದ್ದವಳಿಗೆ ಎರಡನ್ನೂ ತಡೆಯಲಾಗಲಿಲ್ಲ.

ಮಾವ ಆ ವರ್ಷ ಹೋಗಲಿಲ್ಲ. ವಿಮಾನ ಶುರುವಾದರೂ ಒಬ್ಬರನ್ನೇ ಹತ್ತಿಸುವ ಧೈರ್ಯ ನಮಗಿರಲಿಲ್ಲ. ಡಾಕ್ಟರು ಫೋನಿನಲ್ಲಿ ಅವರಿಗೆ ಸಣ್ಣ ಸಣ್ಣ ಪ್ರಶ್ನೆ ಕೇಳಿ, ಆಮೇಲೆ ನಮ್ಮ ಹತ್ತಿರ ತುಂಬ ಮೆತ್ತಗೆ ಮಾತಾಡಿದರು. ಚಳಿಗಾಲದಲ್ಲಿ ಮತ್ತೆ ಲಾಕ್‌ಡೌನ್ ಬಂತು. ಮೇಜು ಅದೇ, ಮೀಟಿಂಗು ಅದೇ. ಬೆಳಿಗ್ಗೆ ಫ್ರಿಜ್ಜಿನ ಹತ್ತಿರ "ಓ" ಎನ್ನುವವರು ಮಾತ್ರ ಇರಲಿಲ್ಲ. ಮಾವ ಕಿಟಕಿಯ ಪಕ್ಕ ಶಾಲು ಹೊದ್ದು ಕೂತು, ಹೊರಗಿನ ಹಸಿರು ಡಬ್ಬಿಯನ್ನು ಗುರುತು ಸಿಗದವರಂತೆ ನೋಡುತ್ತಿದ್ದರು. ನಾನು ಬೇಡಿಕೊಂಡಿದ್ದ ಮೌನ ಕೊನೆಗೂ ಸಿಕ್ಕಿತ್ತು, ಅದನ್ನು ಸಹಿಸುವುದು ನನ್ನಿಂದಾಗಲಿಲ್ಲ.

ಒಂದು ಬೆಳಿಗ್ಗೆ ಮೈಕು ಮುಚ್ಚಿ ಎದ್ದೆ. ಫ್ರಿಜ್ಜಿನ ಹತ್ತಿರ ನಿಂತು "ಓ!" ಎಂದೆ. ಮಾವ ತಿರುಗಿ ನೋಡಿದರು. ಹಿತ್ತಿಲ ಬಾಗಿಲವರೆಗೆ ಸುತ್ತು ಹೇಳಿದೆ, ತಿರುಗಿ ಮರುಸುತ್ತು ಹೇಳಿದೆ, ಬಾಯಿ ಆಕಾಶಕ್ಕೆ ಎಂಬುದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವರ ಪಕ್ಕ ನಿಂತು, ಬಾರವ್ವ, ತಡವಾದರೂ ಬಾ ಎಂದು ಮುಗಿಸಿದೆ. ಮಾವ ಗಮನವಿಟ್ಟು ಕೇಳಿ, ತಲೆದೂಗಿದರು.

"ಚೆನ್ನಾಗಿದೆ" ಎಂದರು. "ಯಾರು ಕಟ್ಟಿದ್ದು?"

"ನೀವೇ ಮಾವ."

"ನಾನಾ?" ಎಂದು ಮಾವ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಶಾಲು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಹಾಗಿದ್ರೆ ಇನ್ನೊಂದ್ಸಲ ಹೇಳು. ಕಲ್ತ್ಕೋತೀನಿ."